ಎಡೆದೊರೆ ನಾಡಿನ ಹಳ್ಳದ ದಂಡೆಗಳು

ಉತ್ತರದಲ್ಲಿ ಕೃಷ್ಣೆ, ದಕ್ಷಿಣದಲ್ಲಿ ತುಂಗಭದ್ರೆ, ಈ ಎರಡು ಮಹಾನದಿಗಳ ನಡುವೆ ಹರಡಿಕೊಂಡಿರುವ ಬಯಲನ್ನು ನಮ್ಮ ಪ್ರಾಚೀನ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಈಚಿನ ಇತಿಹಾಸಕಾರರು ಅದನ್ನೇ ರಾಯಚೂರು ದೋಆಬೆಂದು ಬರೆದಿದ್ದಾರೆ. ರಾಷ್ಟ್ರಕೂಟರಿಂದಲೂ ಚಾಲುಕ್ಯರಿಂದಲೂ ಮೊದಲ್ಗೊಂಡು ಚೋಳರು, ಕಾಕತೀಯರು, ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಕಡೆಗೆ ಹೈದರಾಬಾದಿನ ನಿಜಾಮರ ಪರ್ಯಂತ, ಈ ನೆಲದ ಮೇಲೆ ಕಣ್ಣಿಡದ ರಾಜವಂಶವು ದಕ್ಷಿಣಾಪಥದಲ್ಲಿ ವಿರಳ. ಅವರ ಯುದ್ಧಗಳ ಚರಿತ್ರೆಯು ಸವಿಸ್ತಾರವಾಗಿ ಬರೆಯಲ್ಪಟ್ಟಿದೆ. ಆದರೆ ಆ ಸೈನ್ಯಗಳು ದಾಟಿ ನಡೆದ ಹಳ್ಳಗಳಿಗೂ, ಹಳ್ಳಗಳ ದಂಡೆಯಲ್ಲಿ ಬೆಳೆದು ನಿಂತಿದ್ದ ಗಿಡಮರಗಳಿಗೂ ಒಂದು ಚರಿತ್ರೆಯಿದೆಯೆಂಬ ವಿಚಾರವು ನಮ್ಮ ಮನಸ್ಸಿಗೆ ಸಾಮಾನ್ಯವಾಗಿ ಬರುವುದಿಲ್ಲ. ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರುಗಳಲ್ಲಿ, ಮಾನ್ವಿ ದೇವದುರ್ಗಗಳ ಎರೆಹೊಲಗಳ ನಡುವೆ, ಇಂದು ಹಳ್ಳವೆಂದರೆ ಕಣ್ಣಿಗೆ ಬೀಳುವುದು ಬಳ್ಳಾರಿ ಜಾಲಿಯ ಮುಳ್ಳುಪೊದೆ ಮತ್ತು ಆಪಿನ ಜೊಂಡು. ಇವೆರಡೂ ಈ ದಂಡೆಗಳ ಪುರಾತನ ಸಂಪತ್ತಲ್ಲ. ಅವು ಹೇಗೆ ಬಂದವು, ಅವು ಬರುವ ಮೊದಲು ಅಲ್ಲಿ ಏನಿತ್ತು ಎಂಬುದನ್ನು ವಿಚಾರಿಸಿದರೆ, ಮನುಷ್ಯನು ಈ ನಾಡಿನಲ್ಲಿ ನೀರನ್ನೂ ನೆಲವನ್ನೂ ನಡೆಸಿಕೊಂಡ ರೀತಿಯ ಒಂದು ದೀರ್ಘ ವೃತ್ತಾಂತವೇ ನಮ್ಮೆದುರು ತೆರೆದುಕೊಳ್ಳುತ್ತದೆ.

ಈ ನಾಡು ಮರುಭೂಮಿಯಲ್ಲ. ಆದರೆ ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಬಯಲುಸೀಮೆ. ವರ್ಷಕ್ಕೆ 600ರಿಂದ 700 ಮಿಲಿಮೀಟರಿನಷ್ಟು ಮಳೆ, ಅದೂ ಮುಂಗಾರಿನ ಕೊನೆಗೂ ಹಿಂಗಾರಿನ ಮೊದಲಿಗೂ ಬಹುತೇಕ ಸುರಿದುಹೋಗುವ ಮಳೆ. ಬೇಸಿಗೆಯಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲು. ಇಂಥಲ್ಲಿ ಹಳ್ಳಗಳ ಸ್ವಭಾವವೇ ಬೇರೆ. ಮಲೆನಾಡಿನ ತೊರೆಯಂತೆ ಅವು ವರ್ಷವಿಡೀ ಹರಿಯುವುದಿಲ್ಲ. ಮಳೆ ಬಂದ ದಿನ ಕೆಂಪಗೆ ತುಂಬಿ, ದನಕರುಗಳನ್ನು ಕೊಚ್ಚಿಕೊಂಡು ಹೋಗುವಷ್ಟು ರಭಸದಿಂದ ಹರಿದು, ಒಂದೆರಡು ದಿನಗಳಲ್ಲಿ ಇಳಿದು, ಉಳಿದ ಕಾಲವೆಲ್ಲ ಉಸುಕಿನ ಹಾಸಿಗೆಯಾಗಿ ಮಲಗಿರುತ್ತವೆ. ಆದರೆ ಆ ಉಸುಕೇ ಅವುಗಳ ಭಂಡಾರ. ಮೇಲೆ ಒಣಗಿದ ಉಸುಕಿನ ಅಡಿಯಲ್ಲಿ ಬಿಸಿಲಿಗೆ ಆರದ ನೀರು ಉಳಿದಿರುತ್ತದೆ. ವರತೆ ತೋಡಿದರೆ ಅದು ತಿಳಿಯಾಗಿ ಜಿನುಗುತ್ತದೆ. ಕೊಡಪಾನ ಹೊತ್ತ ಹೆಂಗಸರು ಬೇಸಿಗೆಯಲ್ಲಿ ಈ ವರತೆಗಳನ್ನೇ ನಂಬಿ ಬಾಳಿದ ಕಾಲವು ಬಹಳ ಹಿಂದಿನದಲ್ಲ. ದಂಡೆಯ ಮರಗಳೂ ಅದೇ ನೀರನ್ನು ನಂಬಿದವು. ಸುತ್ತಲ ಬಯಲು ಫಾಲ್ಗುಣದಲ್ಲಿ ಬೂದುಬಣ್ಣಕ್ಕೆ ತಿರುಗಿದಾಗ ಹಳ್ಳದ ಗುಂಟ ಮಾತ್ರ ಒಂದು ಹಸುರಿನ ಗೆರೆ ಎಳೆದಂತೆ ಉಳಿಯುತ್ತಿದ್ದುದಕ್ಕೆ ಉಸುಕಿನೊಳಗಿನ ಆ ಗುಪ್ತಜಲವೇ ಕಾರಣ.

ಆ ಹಸುರು ಗೆರೆಗೆ ತನ್ನದೇ ಆದ ಒಂದು ವ್ಯವಸ್ಥೆಯಿತ್ತು. ನೀರು ನಿಲ್ಲುವ ಮಡುವಿನ ಅಂಚಿಗೆ ಜೇಕು. ಅದರ ಮೇಲೆ ಕರಿಕೆ ಮತ್ತು ಶರತ್ಕಾಲದಲ್ಲಿ ಬೆಳ್ಳನೆಯ ಹೂತೆನೆ ಹೊರುವ ಕಾಶತೃಣ. ದಂಡೆಯ ಇಳಿಜಾರಿನಲ್ಲಿ ಲಕ್ಕಿಯ ಪೊದೆಗಳು ಮತ್ತು ಈ ಸೀಮೆಯವರು ಸಿಂದಿಗಿಡವೆನ್ನುವ ಈಚಲು. ದಂಡೆಯ ತಲೆಯ ಮೇಲೆ ಹೊಂಗೆ, ಹೊಳೆಮತ್ತಿ, ನೇರಳೆ, ಅತ್ತಿ. ಅಲ್ಲಿಂದಾಚೆ ಹೊಲಗಳ ಬದುವಿಗೆ ಸೇರುವಂತೆ ಕರಿಜಾಲಿ, ಬನ್ನಿ, ಬೇವು, ಹುಣಸೆ. ಇವುಗಳಲ್ಲಿ ಒಂದೊಂದಕ್ಕೂ ಊರಿನ ಬಾಳಿನಲ್ಲಿ ಒಂದೊಂದು ಸ್ಥಾನವಿದ್ದಿತು. ಬಡಿಗನಿಗೆ ರಂಟೆ, ಕುಂಟೆ, ಬಂಡಿಯ ಗಾಲಿಗಳಿಗಾಗಿ ಕರಿಜಾಲಿಯ ಮರ ಬೇಕಾಗಿತ್ತು. ಚರ್ಮ ಹದಮಾಡುವವರಿಗೆ ಅದೇ ಜಾಲಿಯ ತೊಗಟೆ ಬೇಕಾಗಿತ್ತು. ಹೊಂಗೆಯ ಬೀಜದಿಂದ ದೀಪದೆಣ್ಣೆ, ಹಿಂಡಿಯಿಂದ ಹೊಲಕ್ಕೆ ಗೊಬ್ಬರ. ಈಚಲ ಗರಿಯಿಂದ ಚಾಪೆ, ಬುಟ್ಟಿ, ಕಸಬರಿಗೆ. ಲಕ್ಕಿಯ ಎಲೆ ನೆಗಡಿ ಮೈಕೈನೋವುಗಳಿಗೆ ಕಾವು ಕೊಡಲಿಕ್ಕೂ, ಕಾಳಿಗೆ ಹುಳು ಹತ್ತದಂತೆ ಕಣಜದಲ್ಲಿ ಹಾಕಲಿಕ್ಕೂ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣು ತಂದುದು ಹಳ್ಳದಿಂದ ಅಥವಾ ಕೆರೆಯಿಂದ; ದಸರೆಯಲ್ಲಿ ಬಂಗಾರವೆಂದು ಹಂಚಿದುದು ಬನ್ನಿಯ ಎಲೆ. ಅಗಸರು ಬಟ್ಟೆ ಒಗೆಯಲು ಬಳಸಿದ ಸವುಳು ಮಣ್ಣು ಕೂಡ ಈ ದಂಡೆಗಳ ಸುತ್ತಲಿನ ತಗ್ಗುಗಳಲ್ಲಿ ದೊರೆಯುವಂಥದು. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳಿಗೂ ಈಚಲ ಗರಿಗಳಿಗೂ ಗೀಜಗವು ಗೂಡು ನೇಯ್ದು ತೂಗುಹಾಕುತ್ತಿತ್ತು. ಮರಗಳ ಬೇರುಗಳು ದಂಡೆಯ ಮಣ್ಣನ್ನು ಹೆಣೆದು ಹಿಡಿದಿದ್ದುದರಿಂದಲೇ ಪ್ರವಾಹದ ರಭಸಕ್ಕೆ ಹೊಲಗಳು ಕೊರೆದುಹೋಗದೆ ಉಳಿಯುತ್ತಿದ್ದವು.

ಈ ದಂಡೆಗಳಿಗೆ ಮನುಷ್ಯನು ಬಂದುದು ಸಾವಿರಾರು ವರ್ಷಗಳ ಹಿಂದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಪ್ರಾಂತವನ್ನು ಸುತ್ತಿ ನವಶಿಲಾಯುಗದ ಅನೇಕ ನೆಲೆಗಳನ್ನು ಗುರುತಿಸಿದರು. 1952ರಲ್ಲಿ ರೇಮಂಡ್ ಆಲ್ಚಿನ್ನರು ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ ಉತ್ಖನನ ನಡೆಸಿದರು. ಇಲ್ಲಿಯ ಮೊದಲ ನಿವಾಸಿಗಳು ಪ್ರಧಾನವಾಗಿ ಗೋಪಾಲಕರು. ಅವರ ಕಾಲದ ಬೂದಿದಿಬ್ಬಗಳು ಕೃಷ್ಣಾ ತುಂಗಭದ್ರೆಗಳ ಸುತ್ತಿನ ಪ್ರದೇಶದಲ್ಲಿ ಇಂದಿಗೂ ನಿಂತಿವೆ. ದನದ ಹಟ್ಟಿಗಳಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಅವು ಬೆಳೆದುವೆಂಬುದನ್ನು ಆಲ್ಚಿನ್ನರ ಊಟ್ನೂರಿನ ಉತ್ಖನನವು ಸ್ಪಷ್ಟಪಡಿಸಿತು. ಗುಡ್ಡದಷ್ಟು ಬೂದಿ ಉಳಿಯಬೇಕಾದರೆ ಎಷ್ಟು ದನಗಳು ಎಷ್ಟು ತಲೆಮಾರುಗಳ ಕಾಲ ಅಲ್ಲಿ ಮೇದಿರಬೇಕು! ಒಣನಾಡಿನಲ್ಲಿ ಹಿಂಡು ಎಲ್ಲಿ ಮೇದರೂ ನೀರಿಗೆ ಇಳಿಯಬೇಕಾದುದು ಹಳ್ಳಕ್ಕೇ. ದನಗಳ ಗೊರಸಿಗೂ ನಾಲಿಗೆಗೂ ಸಿಕ್ಕು ಎಳೆಯ ಸಸಿಗಳು ಮಾಯವಾಗುವುದು, ಮುಳ್ಳುಳ್ಳ ಜಾಲಿಯಂಥವು ಉಳಿದುಕೊಳ್ಳುವುದು ಇಂದಿಗೂ ನಾವು ಕಾಣುವ ಸಂಗತಿ. ದಂಡೆಯ ಸಸ್ಯಗಳ ಮೇಲೆ ಮನುಷ್ಯನ ಮೊದಲ ಹಸ್ತಮುದ್ರೆಯು ಹೀಗೆ ಅವನ ದನಗಳ ಮೂಲಕ ಬಿದ್ದಿತು. ಆ ಜನರು ಹುರುಳಿ, ಹೆಸರು, ಸಣ್ಣ ಕಾಳಿನ ಸಿರಿಧಾನ್ಯಗಳನ್ನು ಬೆಳೆಯತೊಡಗಿದ ಬಳಿಕ ದಂಡೆಯ ಮೆತ್ತನೆಯ ಮಣ್ಣೂ ಸಾಗುವಳಿಗೆ ಬಂದಿತು. ತುಂಗಭದ್ರೆಗೆ ಸೇರುವ ಹಳ್ಳದ ಪಕ್ಕದಲ್ಲಿರುವ ಮಸ್ಕಿಯಲ್ಲಿ, 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ನರ ಕಣ್ಣಿಗೆ ಬಿದ್ದ ಅಶೋಕನ ಶಾಸನವು ಆ ಚಕ್ರವರ್ತಿಯ ಹೆಸರನ್ನು ಸ್ಪಷ್ಟವಾಗಿ ಹೇಳಿ ಪ್ರಖ್ಯಾತವಾಯಿತು. ಅಂಥ ಘೋಷಣೆಯನ್ನು ಕೆತ್ತಿಸಲು ಆ ಸ್ಥಳವನ್ನು ಆರಿಸಿದುದೇ, ಜನವಸತಿಯು ಅಲ್ಲಿ ಆ ವೇಳೆಗಾಗಲೇ ದಟ್ಟವಾಗಿದ್ದುದಕ್ಕೆ ಸಾಕ್ಷಿ.

ಮುಂದೆ ಕೋಟೆಗಳ ಕಾಲ. ರಾಯಚೂರಿನ ಕೋಟೆಯ ಗೋಡೆಯಲ್ಲಿರುವ 1294ರ ಶಾಸನದ ಬಳಿ, ಬೃಹತ್ತಾದ ಬಂಡೆಯೊಂದನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲಿನಿಂದ ಎಳೆಸುವ ದೃಶ್ಯವು ಕೆತ್ತಲ್ಪಟ್ಟಿದೆ. ಅಂಥ ಬಂಡಿಗೆ, ಕೋಟೆಯ ಬಾಗಿಲಿಗೆ, ಸುಣ್ಣದ ಭಟ್ಟಿಗೆ, ಕಮ್ಮಾರನ ಕುಲುಮೆಗೆ ಮರವೂ ಇದ್ದಿಲೂ ಒದಗಬೇಕಾದುದು ಸುತ್ತಲ ನೆಲದಿಂದಲೇ. ಮರವು ವಿರಳವಾದ ಬಯಲಿನಲ್ಲಿ ಅದನ್ನು ಕೊಡಬಲ್ಲುದು ಹಳ್ಳದ ದಂಡೆ. 1520ರ ಬೇಸಿಗೆಯಲ್ಲಿ ಕೃಷ್ಣದೇವರಾಯನು ರಾಯಚೂರಿನ ಮೇಲೆ ದಂಡೆತ್ತಿ ಬಂದ ವೃತ್ತಾಂತವನ್ನು ಬರೆದಿಟ್ಟ ಪೋರ್ತುಗೀಸರವನಾದ ನ್ಯೂನಿಜನು, ಈ ನಾಡಿನ ಹಳ್ಳಗಳ ಸ್ವರೂಪವನ್ನು ತಿಳಿಯಲು ಅತ್ಯಂತ ಉಪಯುಕ್ತವಾದ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಸೈನ್ಯದ ದಾರಿಯುದ್ದಕ್ಕೂ ತೊಗಲಚೀಲಗಳಲ್ಲಿ ನೀರು ಹೊತ್ತ 12,000 ಮಂದಿ ನಿಂತಿದ್ದರಂತೆ. ಮುಂದಾಳುಗಳು ಒಂದು ಹೊಳೆಯನ್ನು ಮುಟ್ಟಿದಾಗ ನೀರು ಮೊಳಕಾಲಿನ ಅರ್ಧದವರೆಗೆ ಇದ್ದು, ಸೈನ್ಯದಲ್ಲಿ ಅರ್ಧದಷ್ಟು ದಾಟುವ ಮೊದಲೇ ಅದು ಸಂಪೂರ್ಣ ಬತ್ತಿಹೋಗಿ, ಹಿಂದೆ ಬಂದವರು ಉಸುಕಿನಲ್ಲಿ ಗುಣಿ ತೋಡಿ ನೀರು ಹುಡುಕಬೇಕಾಯಿತಂತೆ. ಅರ್ಥಾತ್, ಐದುನೂರು ವರ್ಷಗಳ ಹಿಂದೆಯೂ ಈ ಸೀಮೆಯ ಹರಿವುಗಳು ಬೇಸಿಗೆಯಲ್ಲಿ ಹೀಗೆಯೇ ತೆಳುವಾಗಿ ಹರಿದು, ಹೀಗೆಯೇ ಉಸುಕಿನಲ್ಲಿ ಅಡಗುತ್ತಿದ್ದವು. ನಾಡಿನ ಶುಷ್ಕತೆ ಹೊಸದಲ್ಲ. ಅಂಥ ಶುಷ್ಕತೆಯಲ್ಲಿಯೂ ಹೊಂಗೆ ಮತ್ತಿಗಳ ಸಾಲು ಬಾಳಬಲ್ಲುದಾಗಿತ್ತು ಎಂಬುದನ್ನು ಗಮನಿಸಿದರೆ, ಆ ಸಾಲು ಅಳಿದುದಕ್ಕೆ ಮಳೆಯ ಕೊರತೆಯೊಂದನ್ನೇ ದೂರುವುದು ನ್ಯಾಯವಾಗಲಾರದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾವಣೆಯ ವೇಗವು ಹೆಚ್ಚಿತು. 1853ರಲ್ಲಿ ನಿಜಾಮನು ದೋಆಬನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿ 1860ರಲ್ಲಿ ಮರಳಿ ಪಡೆದನು; 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯೂ ಮದರಾಸಿನ ಕಡೆಯಿಂದ ಬಂದ ರೈಲುದಾರಿಯೂ ರಾಯಚೂರಿನಲ್ಲಿ ಕೂಡಿದವು. ರೈಲಿನ ಮೂಲಕ ಎರೆನೆಲದ ಹತ್ತಿಗೆ ದೂರದ ಮಾರುಕಟ್ಟೆ ದೊರೆಯಿತು. ಗಾಯರಾಣವಾಗಿ ಬಿಟ್ಟಿದ್ದ ನೆಲಕ್ಕೂ ಬೆಲೆ ಬಂದಿತು. ಮದರಾಸು ರೈಲ್ವೆಯ ಯಂತ್ರಗಳು ಆ ಕಾಲದಲ್ಲಿ ಕಟ್ಟಿಗೆಯನ್ನು ಉರಿಸಿ ಓಡುತ್ತಿದ್ದುದರಿಂದ ಬಳ್ಳಾರಿ, ಕಡಪ, ಅನಂತಪುರಗಳ ಕುರುಚಲು ಕಾಡುಗಳು ಬೇಗ ಬೇಗನೆ ಬರಿದಾದವು. ಇದರ ಬೆನ್ನಿಗೇ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು, ಅಂದರೆ 1876ರಿಂದ 1878ರವರೆಗಿನ ಬರವು, ಈ ಪ್ರಾಂತವನ್ನು ನುಂಗಿತು. ಮೇವಿಲ್ಲದ ವರ್ಷಗಳಲ್ಲಿ ದನಗಳನ್ನು ಉಳಿಸಿಕೊಳ್ಳಲು ರೈತನಿಗೆ ಉಳಿಯುವ ಕಡೆಯ ಆಸರೆ ದಂಡೆಯ ಮರಗಳ ಸೊಪ್ಪು. ಕಡೆಯ ಆದಾಯ ಅವುಗಳ ಕಟ್ಟಿಗೆ. ಬರವು ಕಳೆದರೂ ಕಡಿದ ಮರವು ಒಂದೆರಡು ಮಳೆಗಾಲದಲ್ಲಿ ಮರಳಿ ಬಾರದು.

ಬರಿದಾದ ಇಂಥ ನೆಲಗಳಿಗೆ ಹೊಸ ಅತಿಥಿಯೊಂದು ಬಂದುದು ಇದೇ ಕಾಲದಲ್ಲಿ. 1876ರಲ್ಲಿ ಮದರಾಸು ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮರು, ಒಣಪ್ರದೇಶಗಳಿಗೆ ಉರುವಲಿನ ಮರವೊಂದು ಬೇಕೆಂದು, ಅಮೆರಿಕದ ಉಷ್ಣವಲಯದ ಜಾಲಿಯ ಬೀಜವನ್ನು ತರಿಸಿಕೊಡುವಂತೆ ಸರ್ಕಾರವನ್ನು ಕೇಳಿಕೊಂಡರು. ಜಮೈಕಾದಿಂದ ಬಂದ ಬೀಜಗಳು 1877ರ ಸುಮಾರಿಗೆ ಕಡಪ ಸೀಮೆಯ ಕಮಲಾಪುರಂ ಬಳಿ ನೆಲಕ್ಕೆ ಬಿದ್ದವು. ನಮ್ಮವರು ಬಳ್ಳಾರಿ ಜಾಲಿ ಎನ್ನುವ, ತೆಲುಗು ನೆರೆಯವರು ಸರ್ಕಾರು ತುಮ್ಮ ಎನ್ನುವ ಮರವಿದೇ. ಆಳುವವರು ಅದನ್ನು ಎಷ್ಟು ಮೆಚ್ಚಿದರೆಂದರೆ 1940ರಲ್ಲಿ ಜೋಧಪುರದ ಸಂಸ್ಥಾನವು ಅದಕ್ಕೆ ರಾಜವೃಕ್ಷದ ಪದವಿಯನ್ನೇ ಕೊಟ್ಟಿತು. ಆ ಮೆಚ್ಚಿಕೆಗೆ ಕಾರಣವಿಲ್ಲದಿರಲಿಲ್ಲ: ಸವುಳು ನೆಲದಲ್ಲಿಯೂ ಕಲ್ಲುನೆಲದಲ್ಲಿಯೂ ಅದು ಚಿಗುರುತ್ತದೆ, ಬೇರು ಬಹಳ ಆಳಕ್ಕೆ ಇಳಿಯುತ್ತದೆ, ಕಡಿದಷ್ಟೂ ಬುಡದಿಂದ ಒಡೆಯುತ್ತದೆ, ಕಟ್ಟಿಗೆ ಚೆನ್ನಾಗಿ ಉರಿಯುತ್ತದೆ. ಎಲೆಯನ್ನು ದನಗಳು ಮುಟ್ಟುವುದಿಲ್ಲವಾದುದರಿಂದ ಮೇವಿಗೆ ಸಿಕ್ಕಿ ಸಾಯುವ ಭಯವಿಲ್ಲ. ಸಿಹಿಯಾದ ಕಾಯನ್ನು ಕುರಿ, ಮೇಕೆ, ದನಗಳು ಆಸೆಯಿಂದ ತಿಂದು, ಜೀರ್ಣವಾಗದ ಬೀಜವನ್ನು ಹಿಕ್ಕೆ ಸಗಣಿಗಳೊಡನೆ ನೀರಿನ ದಾರಿಯಲ್ಲಿ ಹಾಕುತ್ತವೆ. ಪ್ರವಾಹವು ಆ ಬೀಜವನ್ನು ದಂಡೆಯುದ್ದಕ್ಕೂ ಬಿತ್ತುತ್ತದೆ. ಯಾವ ಹಳ್ಳದ ದಾರಿಯಲ್ಲಿ ದನಗಳು ಸಾವಿರಾರು ವರ್ಷ ನೀರಿಗಿಳಿದವೋ ಅದೇ ದಾರಿಯಲ್ಲಿ ಈ ಮರವು ನಾಡನ್ನು ಹೊಕ್ಕಿತು. ಅದರ ನೆರಳಿನಲ್ಲಿ ಕರಿಕೆ ಹುಲ್ಲು ಏಳಲಿಲ್ಲ, ಲಕ್ಕಿ ಹಿಂಜರಿಯಿತು, ಹೊಂಗೆಯ ಬೀಜ ಬಿದ್ದಲ್ಲಿ ಸಸಿಗೆ ಬೆಳಕು ಸಿಕ್ಕಲಿಲ್ಲ.

ಎಲ್ಲಕ್ಕಿಂತ ಮಹತ್ತಾದ ಪರಿವರ್ತನೆಯನ್ನು ತಂದುದು ತುಂಗಭದ್ರಾ ಯೋಜನೆ. 1945ರ ಫೆಬ್ರವರಿಯಲ್ಲಿ ಅಡಿಗಲ್ಲು ಬಿದ್ದು, 1953ರಲ್ಲಿ ಕಾಲುವೆಗಳಿಗೆ ಮೊದಲ ನೀರು ಹರಿಯಿತು; 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರು ತಾಲೂಕಿನ ಕಡೆಯಂಚಿನವರೆಗೆ ಚಾಚಿತು. ಬರಗಾಲದ ನೆನಪು ಮಾಸದಿದ್ದ ಜನರಿಗೆ ಈ ನೀರು ಅನ್ನವಾಗಿ ಬಂದಿತೆಂಬುದನ್ನು ಕೃತಜ್ಞತೆಯಿಂದ ಸ್ಮರಿಸಬೇಕು. ಜೋಳ, ಶೇಂಗಾ, ಹತ್ತಿಗಳಂಥ ಅಲ್ಪ ನೀರಿನ ಬೆಳೆಗಳಿಗೆ ವಿಶಾಲವಾಗಿ ನೀರು ಹಂಚಬೇಕೆಂಬುದು ಯೋಜಕರ ಸಂಕಲ್ಪವಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತವು ವ್ಯಾಪಿಸಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಊರೂರಿನ ಹತ್ತಿರ ನೆಲೆಗೊಂಡವು. ಕೊನೆಯಂಚಿನ ರಾಯಚೂರು ಭಾಗದ ರೈತರು ತಮ್ಮ ಪಾಲಿನ ನೀರಿಗಾಗಿ ಪ್ರತಿ ವರ್ಷವೂ ಕಾಯುವಂತಾಯಿತು. ಮುಂದೆ ನಾರಾಯಣಪುರದ ಬಲದಂಡೆ ಕಾಲುವೆಯಿಂದ ದೇವದುರ್ಗದ ಕಡೆಗೂ ಕೃಷ್ಣೆಯ ನೀರು ಬಂದಿತು.

ಗದ್ದೆಗೆ ಬಿಟ್ಟ ನೀರಿನ ಒಂದು ಭಾಗವು ಬಸಿದು ತಗ್ಗಿಗೆ ಇಳಿಯುವುದು ಪ್ರಕೃತಿನಿಯಮ; ಆ ತಗ್ಗೇ ಹಳ್ಳ. ಹೀಗೆ ವರ್ಷದ ಬಹುಭಾಗ ಒಣಗಿರುತ್ತಿದ್ದ ಹಳ್ಳಗಳು ಭತ್ತದ ಸೀಮೆಯಲ್ಲಿ ಬಸಿನೀರಿನಿಂದ ನಿತ್ಯಹರಿವಾದವು. ಬರಡಾದ ನಾಡಿನಲ್ಲಿ ಹರಿಯುವ ನೀರನ್ನು ಕಂಡು ಹಿಗ್ಗಬೇಕಾದುದು ಸಹಜ. ಆದರೆ ದಂಡೆಯ ಸಸ್ಯಜಾತಿಗಳಿಗೆ ಇದು ಬೇರೊಂದು ಲೋಕ. ಮಳೆಗಾಲದಲ್ಲಿ ನೆನೆದು ಬೇಸಿಗೆಯಲ್ಲಿ ಉಸಿರಾಡುವ ಬೇರುಗಳುಳ್ಳ ಬನ್ನಿ ಬೇವುಗಳು ಸದಾ ತೇವವಾದ ಮಣ್ಣಿನಲ್ಲಿ ಸೊರಗಿದವು. ಗೊಬ್ಬರದ ಸಾರ ಬೆರೆತ ಬಸಿನೀರಿನಲ್ಲಿ ಆಪು ಎದೆಯೆತ್ತರಕ್ಕೂ ಮಿಕ್ಕಿ ಬೆಳೆದು ಹರಿವಿನ ದಾರಿಯನ್ನೇ ಕಟ್ಟಿತು. ಜಲಕುಂಭಿಯೂ ನಸುಗೆಂಪು ಗಂಟೆಹೂವಿನ, ದನ ಮುಟ್ಟದ ಪೊದೆಗಿಡವೊಂದೂ ಮಡುಗಳನ್ನು ಮುಚ್ಚಿದವು. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಪಾರ್ಥೇನಿಯಂ, ನಮ್ಮವರ ಕಾಂಗ್ರೆಸ್ ಕಸ, ಕಾಲುವೆಯ ಏರಿಗಳನ್ನೂ ರಸ್ತೆಯ ಬದಿಗಳನ್ನೂ ಹಿಡಿದು ಹಳ್ಳದ ದಂಡೆಯ ತನಕ ವ್ಯಾಪಿಸಿತು. ಎರೆಮಣ್ಣಿನ ಆಳದಲ್ಲಿದ್ದ ಲವಣವು ಏರಿದ ಜಲಮಟ್ಟದೊಡನೆ ಮೇಲಕ್ಕೆ ಬಂದು ತಗ್ಗಿನ ಹೊಲಗಳನ್ನು ಸವುಳಾಗಿಸಿತು. ಆ ಸವುಳಿನಲ್ಲಿ ನಿಲ್ಲಬಲ್ಲ ಬಳ್ಳಾರಿ ಜಾಲಿಗೆ ಮತ್ತಷ್ಟು ನೆಲ ದೊರೆಯಿತು. ಕಾಲುವೆಯ ನೀರು ತಲುಪದ ಕಡೆಗಳಲ್ಲಿಯಾದರೋ ವಿರುದ್ಧವಾದ ಕಷ್ಟ: ಕೊಳವೆಬಾವಿಗಳು ಜಲಮಟ್ಟವನ್ನು ಕೆಳಗೆಳೆದವು, ಪಟ್ಟಣಗಳ ಕಟ್ಟಡಗಳಿಗಾಗಿ ಉಸುಕನ್ನು ಲಾರಿಗಳಲ್ಲಿ ಸಾಗಿಸಿದುದರಿಂದ ಹಳ್ಳವು ತನ್ನ ಭಂಡಾರವನ್ನೇ ಕಳೆದುಕೊಂಡಿತು. ಉಸುಕಿಲ್ಲದ ಹಳ್ಳದಲ್ಲಿ ಪ್ರವಾಹವು ಬಂದ ದಾರಿಯಲ್ಲೇ ಓಡಿಹೋಗುತ್ತದೆ. ವರತೆಗೆ ನೀರಿಲ್ಲ, ಮರದ ಬೇರಿಗೂ ಇಲ್ಲ.

ಇಂಥ ಅನುಭವವು ನಮ್ಮೊಬ್ಬರದೇ ಅಲ್ಲ. ಅಮೆರಿಕ ದೇಶದ ನೈಋತ್ಯದ ಮರುಭೂಮಿಗಳಲ್ಲಿ ಕಳೆದ ಶತಮಾನಕ್ಕೆ ಮೊದಲು ತೊರೆಗಳ ಗುಂಟ ದೊಡ್ಡ ಕಾಟನ್‌ವುಡ್ ಮರಗಳೂ ನೀರವಂಜಿಗಳೂ ಬೆಳೆದಿದ್ದವು. ರೈಲುದಾರಿಯ ಬೆನ್ನಿಗೆ ಬಂದ ಅಪರಿಮಿತ ದನಗಳ ಮೇವಾಟದಿಂದಲೂ ಪ್ರವಾಹಗಳಿಂದಲೂ 1880ರ ತರುವಾಯ ತೊರೆಗಳ ಪಾತ್ರವು ಆಳವಾದ ಕೊರಕಲಾಗಿ, ಅಣೆಕಟ್ಟುಗಳು ನೀರಿನ ಋತುಕ್ರಮವನ್ನು ಬದಲಿಸಿದ ಮೇಲೆ, ಏಷ್ಯಾ ಯೂರೋಪುಗಳಿಂದ ಅಲ್ಲಿಗೆ ಒಯ್ದ ಝಾವುಕವೆಂಬ ಮರವು ದಂಡೆಗಳನ್ನು ಆಕ್ರಮಿಸಿತು. ಅಲ್ಲಿಯ ವಿಜ್ಞಾನಿಗಳು ಹಳೆಯ ಛಾಯಾಚಿತ್ರಗಳನ್ನು ತೆಗೆದುಕೊಂಡು ಹೋಗಿ, ಅದೇ ಸ್ಥಳದಲ್ಲಿ ನಿಂತು ಮತ್ತೆ ಚಿತ್ರ ತೆಗೆದು, ಒಂದು ಶತಮಾನದಲ್ಲಿ ಯಾವ ಮರವು ಹೋಯಿತು, ಯಾವುದು ಬಂದಿತು ಎಂಬುದನ್ನು ತೊರೆತೊರೆಗೂ ಬರೆದಿಟ್ಟಿದ್ದಾರೆ. ಅವರ ಖಂಡದ ಮರವು ನಮ್ಮಲ್ಲಿ, ನಮ್ಮ ಖಂಡದ ಮರವು ಅವರಲ್ಲಿ, ಒಂದೇ ಕೆಲಸ ಮಾಡಿದೆ. ಎರಡೂ ಕಡೆ ಮೂಲಕಾರಣವೂ ಒಂದೇ: ದಂಡೆಯ ಸ್ವಜಾತಿಯ ಮರಗಳು ಹೋಗಿ ನೆಲ ತೆರವಾಯಿತು, ನೀರಿನ ಕಾಲಕ್ರಮವು ಕೆಟ್ಟಿತು, ಹೊರಗಿನಿಂದ ಬಂದ ಗಿಡವು ಆ ತೆರವನ್ನು ತುಂಬಿತು.

ಆದುದರಿಂದ ಬಳ್ಳಾರಿ ಜಾಲಿಯೊಂದನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದು ಸಾಧುವಲ್ಲ. ಬಡವರ ಒಲೆಗಳು ಅದರ ಕಟ್ಟಿಗೆಯಿಂದ ಉರಿದಿವೆ. ಬೇಸಿಗೆಯಲ್ಲಿ ಕೂಲಿ ಸಿಗದ ಕುಟುಂಬಗಳು ಅದರ ಇದ್ದಿಲು ಸುಟ್ಟು ಹೊಟ್ಟೆ ಹೊರೆದಿವೆ. ಮೇವಿಲ್ಲದ ತಿಂಗಳಲ್ಲಿ ಕುರಿಮಂದೆಗಳು ಅದರ ಕಾಯಿಂದ ಬದುಕಿವೆ. ಒಮ್ಮೆಲೇ ಯಂತ್ರವಿಟ್ಟು ಅದನ್ನು ಬೇರುಸಹಿತ ಕಿತ್ತು ದಂಡೆಯನ್ನು ಬರಿದು ಮಾಡಿದರೆ, ಮುಂದಿನ ಮಳೆಗೆ ದಂಡೆಯೇ ಕುಸಿದು ಹೊಲವು ಹಳ್ಳದ ಪಾಲಾಗುತ್ತದೆ. ತೆರವಾದ ನೆಲಕ್ಕೆ ಮತ್ತೆ ಅದೇ ಜಾಲಿಯೇ ಬರುತ್ತದೆ. ಕಿತ್ತಷ್ಟು ಕಡೆ ಅದೇ ಮಳೆಗಾಲದಲ್ಲಿ ಹೊಂಗೆ, ಮತ್ತಿ, ನೇರಳೆ, ಈಚಲುಗಳನ್ನು ನೆಟ್ಟು, ಮೂರು ನಾಲ್ಕು ವರ್ಷ ದನಗಳಿಂದ ಕಾಯ್ದರೆ ಮಾತ್ರ ಆ ಶ್ರಮವು ಸಾರ್ಥಕ.

ಇದು ಅಸಾಧ್ಯವಾದ ಕೆಲಸವಲ್ಲ. ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು 2006ರಲ್ಲಿ ಆರಂಭವಾದಾಗ ಮೊದಲ ಹಂತದಲ್ಲಿಯೇ ಸೇರಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಅಂದಿನಿಂದ ಹಳ್ಳದ ಹೂಳೆತ್ತುವುದಕ್ಕೆ, ಬದು ಕಟ್ಟುವುದಕ್ಕೆ ಊರಿನವರ ದುಡಿಮೆ ಸಂದಿದೆ. ಹೂಳೆತ್ತುವ ಕೆಲಸವನ್ನು ಲೆಕ್ಕಕ್ಕೆ ಹಿಡಿದಂತೆಯೇ ದಂಡೆಗೆ ಮರ ನೆಟ್ಟು ಉಳಿಸುವುದನ್ನೂ ಹಿಡಿಯಬೇಕು. ರಾಯಚೂರಿನಲ್ಲಿಯೇ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಯಾವ ಸವುಳಿಗೆ ಯಾವ ಮರ, ಯಾವ ಬಸಿನೀರಿಗೆ ಯಾವ ಹುಲ್ಲು ಎಂಬುದನ್ನು ಊರಿಗೆ ತಿಳಿಸಿಕೊಡುವ ಸಾಮರ್ಥ್ಯ ಅದಕ್ಕುಂಟು. ಹಿರಿಯರ ನೆನಪಿನಲ್ಲಿ ಉಳಿದಿರುವ ಮರಗಳ ಹೆಸರುಗಳನ್ನೂ ಅವು ನಿಂತಿದ್ದ ಜಾಗಗಳನ್ನೂ ಶಾಲೆಯ ಮಕ್ಕಳ ಕೈಯಿಂದ ಬರೆಸಿಡುವುದಾದರೆ, ಅಮೆರಿಕದವರ ಛಾಯಾಚಿತ್ರಗಳಿಗೆ ಸಮನಾದ ದಾಖಲೆಯು ನಮಗೂ ದೊರೆಯುತ್ತದೆ.

ಹಳ್ಳದ ದಂಡೆಯು ಯಾರೊಬ್ಬನ ಆಸ್ತಿಯೂ ಆಗಿರಲಿಲ್ಲ. ಅದರಿಂದ ಎಲ್ಲರೂ ತೆಗೆದುಕೊಂಡರು, ಮರಳಿ ಕೊಟ್ಟವರು ಕೆಲವರೇ. ಗೋಪಾಲಕರ ಹಿಂಡು, ಅರಸರ ಸೈನ್ಯ, ರೈಲಿನ ಒಲೆ, ಭತ್ತದ ಗದ್ದೆ, ಉಸುಕಿನ ಲಾರಿ, ಇವೆಲ್ಲವೂ ಒಂದರ ಹಿಂದೊಂದು ಬಂದು ತಮ್ಮ ಪಾಲನ್ನು ಪಡೆದವು. ಗುಂಜಹಳ್ಳಿಯಾಗಲಿ ಎಡೆದೊರೆ ನಾಡಿನ ಇನ್ನಾವ ಊರಾಗಲಿ, ತನ್ನ ಹಳ್ಳದ ಎರಡೂ ಬದಿಗೆ ಕೆಲವು ಮಾರು ಅಗಲದ ನೆಲವನ್ನು ಒತ್ತುವರಿಯಿಂದ ಬಿಡಿಸಿ, ಇದು ಹಳ್ಳದ್ದು, ಇಲ್ಲಿ ನೇಗಿಲು ಹೂಡಬಾರದು, ಇಲ್ಲಿಯ ಉಸುಕನ್ನು ಎತ್ತಬಾರದು ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ, ಆ ನಿರ್ಣಯವನ್ನು ನಡೆಸಿಕೊಂಡು ಬರಲಿ. ಮಿಕ್ಕ ಕೆಲಸವನ್ನು ಮಳೆಯೂ ಬೀಜವೂ ಮಾಡುತ್ತವೆ.